ಹೊಲಿಗೆಗೆ ಮೊದಲಿನ ಸೂಜಿ

(ಕಲಬುರಗಿಯಲ್ಲಿ ಶಾಲಾ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ಪಾಲಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಗಾಯಗಳಿಗೂ ಹಂಗಾಮು ಇದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು ಶುರುವಾದರೆ ಕುಡುಗೋಲಿನ ಗಾಯಗಳು ಬರುತ್ತವೆ. ಹೆಚ್ಚಾಗಿ ಎಡಗೈ ಬೆರಳೇ, ಯಾಕಂದ್ರೆ ಗಿಡ ಹಿಡಿಯುವ ಕೈ ಅದು. ಶಹಾಬಾದ್, ಚಿತ್ತಾಪುರ ಕಡೆಯಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಚು ಬಡಿದು ಸೀಳಿದ ಅಂಗೈ, ಮೊಣಕಾಲು ವರ್ಷವಿಡೀ ಇದ್ದದ್ದೇ. ಶಾಲೆಗೆ ರಜೆ ಬಿಟ್ಟರೆ ಹುಡುಗರ ಹಣೆ ಮತ್ತು ಗದ್ದ.

ಇವರೆಲ್ಲ ದವಾಖಾನೆಯ ಬಾಗಿಲಲ್ಲೇ ಎರಡು ಮಾತು ಕೇಳುತ್ತಾರೆ. ‘ಟಾಕಿ ಬೀಳ್ತಾವೇನ್ರೀ?’, ಅಂದರೆ ಹೊಲಿಗೆ ಬೀಳುತ್ತಾ, ಅನ್ನುವುದು ಒಂದು. ‘ಸೂಜಿ ಮಾಡ್ತೀರೇನ್ರೀ?’ ಅನ್ನುವುದು ಇನ್ನೊಂದು. ಎರಡನೆಯದನ್ನು ಕೇಳುವಾಗ ಹೆದರಿಕೆ ಜಾಸ್ತಿ. ಅವರು ಹೆದರುವುದು ಸರಿಯಾದ ಕಡೆಗೇ. ಜೋಮು ಹಿಡಿಸಿದ ಮೇಲೆ ಹೊಲಿಗೆ ನೋಯುವುದಿಲ್ಲ. ನೋಯುವುದು ಆ ಜೋಮಿನ ಸೂಜಿಯೇ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ ಮಾತ್ರ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಗಾಯಕ್ಕೆ ಜೋಮು ಹಿಡಿಸಲು ನಾಲ್ಕೈದು ದಾರಿಗಳಿವೆ. ಗಾಯ ಎಲ್ಲಿದೆ, ಯಾರದು, ಕಾಯಲು ಪುರುಸೊತ್ತು ಇದೆಯಾ ಅನ್ನುವುದರ ಮೇಲೆ ಆಯ್ಕೆ ಬದಲಾಗುತ್ತದೆ. ಆದರೆ ನೋವಿನ ಲೆಕ್ಕ ಹಾಕಿದರೆ, ಯಾವ ಔಷಧ ಕೊಟ್ಟರು ಅನ್ನುವುದಕ್ಕಿಂತ ಹೇಗೆ ಕೊಟ್ಟರು ಅನ್ನುವುದೇ ದೊಡ್ಡದು. ವೈದ್ಯರಾದ ನಾವೂ ಇದನ್ನು ಎಷ್ಟೋ ಸಲ ಮರೆಯುತ್ತೇವೆ, ಹೊರಗೆ ಸಾಲು ಅಷ್ಟು ಉದ್ದ ಇರುತ್ತದೆ.

ಡ್ರೆಸ್ಸಿಂಗ್ ಟ್ರೇಯಲ್ಲಿ ನೀವು ನೋಡುವ ಸಣ್ಣ ಬಾಟಲಿ ಲಿಗ್ನೋಕೇನ್. ಲಿಡೋಕೇನ್ ಅಂದರೂ ಅದೇ. ಸಿಸ್ಟರ್‌ಗಳು ‘ಜೈಲೋ’ ಅನ್ನುತ್ತಾರೆ, ಜೈಲೋಕೇನ್ ಅನ್ನುವ ಹಳೆಯ ಬ್ರ್ಯಾಂಡಿನಿಂದ ಬಂದ ಹೆಸರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಇದನ್ನು ತಯಾರಿಸಿದರು. ಲುಂಡ್‌ಕ್ವಿಸ್ಟ್ ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದ. 1948ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲು ಪ್ರೊಕೇನ್ ಇತ್ತು. ಅದಕ್ಕೂ ಮೊದಲು, 1884ರಲ್ಲಿ, ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸಿ ತೋರಿಸಿದ ಕೊಕೇನ್ ಇತ್ತು. ಹೌದು, ಅದೇ ಕೊಕೇನ್.

ಲಿಗ್ನೋಕೇನ್ ಕೆಲಸ ಮಾಡುವ ರೀತಿ ಸರಳ. ನೋವಿನ ಸುದ್ದಿ ನರದಲ್ಲಿ ಮುಂದೆ ಹೋಗಬೇಕಾದರೆ ನರದ ಗೋಡೆಯ ಸಣ್ಣ ಬಾಗಿಲುಗಳಿಂದ ಸೋಡಿಯಂ ಒಳಗೆ ನುಗ್ಗಬೇಕು. ಲಿಗ್ನೋಕೇನ್ ಆ ಬಾಗಿಲಿಗೆ ಅಗುಳಿ ಹಾಕುತ್ತದೆ. ಚುಚ್ಚಿದ ಎರಡು ಮೂರು ನಿಮಿಷದಲ್ಲಿ ಜೋಮು ಬರುತ್ತದೆ, ಸುಮಾರು ಒಂದು ತಾಸು ಇರುತ್ತದೆ. ಐದಾರು ಹೊಲಿಗೆಗೆ ಇಷ್ಟು ಧಾರಾಳ ಸಾಕು.

ಇಲ್ಲಿ ಒಂದು ಮಾತು ನೆನಪಿಡಿ. ಜೋಮು ಬಂದ ಮೇಲೂ ಮುಟ್ಟಿದ್ದು, ಒತ್ತಿದ್ದು, ದಾರ ಎಳೆದದ್ದು ಗೊತ್ತಾಗುತ್ತದೆ. ನೋವು ಒಯ್ಯುವ ಸಣ್ಣ ನರಗಳು ಬೇಗ ಸುಮ್ಮನಾಗುತ್ತವೆ, ಒತ್ತಡ ತಿಳಿಸುವ ದಪ್ಪ ನರಗಳು ಎಚ್ಚರವಾಗಿರುತ್ತವೆ. ‘ಗೊತ್ತಾಗಲಿಕ್ಕತ್ತದರೀ’ ಅಂತ ರೋಗಿ ಹೇಳಿದರೆ, ‘ಚುಚ್ಚಿದ ಹಾಗೆ ಆಗ್ತದಾ, ಎಳೆದ ಹಾಗೆ ಆಗ್ತದಾ?’ ಅಂತ ಕೇಳಬೇಕು. ಎಳೆದ ಹಾಗಿದ್ದರೆ ಸರಿ. ಚುಚ್ಚಿದ ಹಾಗಿದ್ದರೆ ವೈದ್ಯರು ಕೈ ನಿಲ್ಲಿಸಬೇಕು. ‘ಇಷ್ಟಕ್ಕೆಲ್ಲ ಹೆದರ್ತೀಯೇನೋ’ ಅನ್ನುವುದು ಚಿಕಿತ್ಸೆ ಅಲ್ಲ.

ಈಗ ಆ ಸೂಜಿ ಯಾಕೆ ಉರಿಯುತ್ತದೆ ಅನ್ನುವ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟದ ಭಾಗ ಇದು, ಸ್ವಲ್ಪ ಜಾಸ್ತಿ ಹೊತ್ತು ತಗೊಂಡರೆ ಸಹಿಸಿಕೊಳ್ಳಿ.

ಲಿಗ್ನೋಕೇನ್ ಸ್ವಲ್ಪ ಹುಳಿ, ಅಂದರೆ ಆಮ್ಲ. ರಕ್ತ ಸೋರುವುದನ್ನು ಕಡಿಮೆ ಮಾಡುವ ಅಡ್ರಿನಲಿನ್ ಸೇರಿಸಿದ ಸಿದ್ಧ ಬಾಟಲಿ ಇನ್ನೂ ಹುಳಿ, ಅಡ್ರಿನಲಿನ್ ಕೆಡದೆ ಉಳಿಯಲಿ ಅಂತ ಹಾಗೆ ಮಾಡಿರುತ್ತಾರೆ. ಆ ಹುಳಿಯೇ ಉರಿ. ಇದಕ್ಕೆ ಮದ್ದು ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್. ಶೇ 8.4ರ ಬೈಕಾರ್ಬನೇಟ್ 1 ಎಂಎಲ್, ಲಿಗ್ನೋಕೇನ್ 9 ಅಥವಾ 10 ಎಂಎಲ್ ಸೇರಿಸಿ ಆಗಲೇ ಬಳಸಿದರೆ ಉರಿ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಬೈಕಾರ್ಬನೇಟ್ ಎಲ್ಲ ತುರ್ತು ಕೋಣೆಗಳಲ್ಲೂ ಇರುವ ಅಗ್ಗದ ಔಷಧ. ಆದರೂ ಬೆರೆಸುವವರು ಕಡಿಮೆ.

ಇನ್ನು ಸೂಜಿಯ ದಪ್ಪ. ಔಷಧ ಎಳೆದುಕೊಂಡ ದಪ್ಪ ಸೂಜಿಯಿಂದಲೇ ಚುಚ್ಚುವ ಅಭ್ಯಾಸ ಹಲವು ಕಡೆ ಇದೆ. ಸೂಜಿ ಬದಲಿಸಲು ಹತ್ತು ಸೆಕೆಂಡು ಸಾಕು. 27ರಿಂದ 30 ಗೇಜಿನ ತೆಳು ಸೂಜಿ ಇದ್ದರೆ ಚುಚ್ಚಿದ್ದೇ ಅಷ್ಟಾಗಿ ಗೊತ್ತಾಗುವುದಿಲ್ಲ. ಮಕ್ಕಳಿಗೆ ಇನ್ಸುಲಿನ್ ಸಿರಿಂಜು ಚೆನ್ನಾಗಿ ಒದಗುತ್ತದೆ. ತೆಳು ಸೂಜಿಗೆ ಇನ್ನೊಂದು ಗುಣ ಇದೆ. ಅದರಲ್ಲಿ ಅವಸರ ಮಾಡಲು ಬರುವುದಿಲ್ಲ, ಔಷಧ ನಿಧಾನವಾಗಿಯೇ ಹೋಗಬೇಕು. ಚರ್ಮ ಗಕ್ಕನೆ ಉಬ್ಬುವುದರಿಂದ ಆಗುವ ನೋವು ಇದರಿಂದ ತಪ್ಪುತ್ತದೆ.

ಎಲ್ಲಿ ಚುಚ್ಚುತ್ತಾರೆ ಅನ್ನುವುದೂ ಮುಖ್ಯ. ಗಾಯ ಸ್ವಚ್ಛವಾಗಿದ್ದರೆ ಪಕ್ಕದ ಗಟ್ಟಿ ಚರ್ಮದ ಮೂಲಕ ಹೋಗುವ ಅಗತ್ಯ ಇಲ್ಲ. ತೆರೆದ ಗಾಯದ ಅಂಚಿನಿಂದಲೇ ಒಳಗೆ ಹೋದರೆ ನೋವು ಕಡಿಮೆ. ಎರಡನೆಯ ಸಲ ಚುಚ್ಚುವಾಗ ಆಗಲೇ ಜೋಮು ಹಿಡಿದ ಜಾಗದಿಂದ ಮುಂದುವರಿಯಬೇಕು. ಬಾಟಲಿ ಮೈಯಷ್ಟೇ ಬೆಚ್ಚಗಿದ್ದರೂ ಉರಿ ಕಡಿಮೆ. ಫ್ರಿಜ್ಜಿನಿಂದ ತೆಗೆದದ್ದಾದರೆ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಆಯಿತು. ನಮ್ಮ ಮೇ ತಿಂಗಳಲ್ಲಿ ಈ ಸೇವೆಯನ್ನು ಕಲಬುರಗಿಯ ಬಿಸಿಲೇ ಪುಕ್ಕಟೆ ಮಾಡಿಕೊಡುತ್ತದೆ ಬಿಡಿ. ಆದರೆ ಅದೇ ಬಿಸಿಲಿಗೂ ಬೆಳಕಿಗೂ ಅಡ್ರಿನಲಿನ್ ಕೆಡುತ್ತದೆ. ಆ ಬಾಟಲಿಯನ್ನು ಕಿಟಕಿ ಪಕ್ಕ ಇಡುವಂತಿಲ್ಲ.

ಎಷ್ಟು ಕೊಡಬಹುದು? ನರ್ಸಿಂಗ್ ಓದುತ್ತಿರುವ ಮಕ್ಕಳು ಇಲ್ಲಿದ್ದೀರಿ, ಇದನ್ನು ಬರೆದುಕೊಳ್ಳಿ. ಬರೀ ಲಿಗ್ನೋಕೇನ್ ಆದರೆ ತೂಕದ ಪ್ರತಿ ಕಿಲೋಗೆ ಹೆಚ್ಚೆಂದರೆ 4.5 ಮಿಲಿಗ್ರಾಂ, ಅಡ್ರಿನಲಿನ್ ಸೇರಿದ್ದರೆ 7 ಮಿಲಿಗ್ರಾಂ. ನಮ್ಮ ದವಾಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದು ಶೇ 2ರ ಬಾಟಲಿ. ಅದರ 1 ಎಂಎಲ್‌ನಲ್ಲಿ 20 ಮಿಲಿಗ್ರಾಂ ಇರುತ್ತದೆ. 10 ಕಿಲೋ ತೂಕದ ಒಂದು ವರ್ಷದ ಮಗುವಿಗೆ ಲೆಕ್ಕ ಹಾಕಿ. 45 ಮಿಲಿಗ್ರಾಂ, ಅಂದರೆ ಎರಡೂಕಾಲು ಎಂಎಲ್. ಅಷ್ಟೇ. 5 ಎಂಎಲ್ ಸಿರಿಂಜು ತುಂಬಿಸಿಕೊಂಡು ಹೊರಟರೆ ಅರ್ಧದಲ್ಲೇ ಮಿತಿ ದಾಟಿರುತ್ತದೆ. ಹಾಗಾಗಿ ಮಕ್ಕಳಿಗೆ ಸಲೈನ್ ಬೆರೆಸಿ ಶೇ 1 ಮಾಡಿಕೊಳ್ಳುವುದು ಜಾಣತನ. ಅದೇ 45 ಮಿಲಿಗ್ರಾಂ ಈಗ ನಾಲ್ಕೂವರೆ ಎಂಎಲ್‌ನಲ್ಲಿ ಹರಡುತ್ತದೆ, ಚರ್ಮದ ಹೊಲಿಗೆಗೆ ಜೋಮು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ.

ಮಿತಿ ದಾಟಿದರೆ, ಅಥವಾ ಔಷಧ ನೇರ ರಕ್ತನಾಳಕ್ಕೆ ಹೋದರೆ, ಮೊದಲು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಕಿವಿ ಗುಯ್‌ಗುಡುತ್ತದೆ. ಆಮೇಲೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಅದಕ್ಕೇ ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತಾ ನೋಡುವುದು. ಸಣ್ಣ ಗಾಯಕ್ಕೆ ಸರಿಯಾದ ಲೆಕ್ಕದಲ್ಲಿ ಕೊಟ್ಟರೆ ಇದು ಬಲು ಅಪರೂಪ. ‘ಕಿವಿಯಾಗ ಏನೋ ಸಪ್ಪಳ ಬರಲಿಕ್ಕತ್ತದ’ ಅಂತ ರೋಗಿ ಹೇಳಿದರೆ ಮಾತ್ರ ನಗಬಾರದು.

ಅಡ್ರಿನಲಿನ್ ಸೇರಿಸುವುದು ಯಾಕೆ? ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಕಡಿಮೆ ಸೋರುತ್ತದೆ, ಜೋಮು ಎರಡು ಮೂರು ಪಟ್ಟು ಹೊತ್ತು ನಿಲ್ಲುತ್ತದೆ. ತಲೆಯ ಗಾಯಕ್ಕೆ ಇದು ವರ. ನೆತ್ತಿ ಒಡೆದರೆ ರಕ್ತ ಹರಿಯುವುದು ನಿಮಗೆ ಗೊತ್ತೇ ಇದೆ. ಆದರೆ ನಾವು ಓದುವಾಗ ಒಂದು ಮಾತು ಬಾಯಿಪಾಠ ಮಾಡಿಸಿದ್ದರು: ಬೆರಳು, ಮೂಗಿನ ತುದಿ, ಕಿವಿಗೆ ಅಡ್ರಿನಲಿನ್ ಬೇಡವೇ ಬೇಡ, ರಕ್ತ ನಿಂತು ಕೊಳೆಯುತ್ತದೆ ಅಂತ. ಈ ಹೆದರಿಕೆಯ ಮೂಲ ಹುಡುಕಿದರೆ ಸಿಗುವುದು ಹೆಚ್ಚಾಗಿ 1950ಕ್ಕಿಂತ ಹಿಂದಿನ ಪ್ರಕರಣಗಳು, ಪ್ರೊಕೇನ್ ಕಾಲದವು. ಪ್ರೊಕೇನ್ ಹಳತಾದಂತೆ ಭಾರಿ ಆಮ್ಲವಾಗುತ್ತಿತ್ತು, ಬೆರಳಿಗೆ ಹಾನಿ ಮಾಡಲು ಅದೊಂದೇ ಸಾಕಿತ್ತು. ಕೆನಡಾದ ಕೈ ಶಸ್ತ್ರಚಿಕಿತ್ಸಕ ಡೊನಾಲ್ಡ್ ಲಾಲೊಂಡ್ ಮತ್ತು ಸಂಗಡಿಗರು 2005ರಲ್ಲಿ ಕೈ ಮತ್ತು ಬೆರಳಿಗೆ ಅಡ್ರಿನಲಿನ್ ಕೊಟ್ಟ 3,110 ಪ್ರಕರಣಗಳನ್ನು ಪ್ರಕಟಿಸಿದರು. ಒಂದು ಬೆರಳೂ ಕೊಳೆಯಲಿಲ್ಲ. ಅಡ್ರಿನಲಿನ್ ಪರಿಣಾಮ ಇಳಿಸುವ ಫೆಂಟೋಲಮಿನ್ ಅನ್ನುವ ಔಷಧವನ್ನು ಯಾರಿಗೂ ಕೊಡಬೇಕಾಗಿ ಬರಲಿಲ್ಲ.

ಹಾಗಂತ ನಾನು ಎಲ್ಲರ ಬೆರಳಿಗೂ ಅಡ್ರಿನಲಿನ್ ಹಾಕಿ ಅನ್ನುತ್ತಿಲ್ಲ. ಸಕ್ಕರೆ ಕಾಯಿಲೆಯಿಂದಲೋ ಬೀಡಿಯಿಂದಲೋ ರಕ್ತ ಸಂಚಾರ ಕೆಟ್ಟಿರುವ ಬೆರಳಿಗೆ ನಾನು ಹಾಕುವುದಿಲ್ಲ. ಉಳಿದವರ ಬೆರಳಿಗೆ ಹಾಕಿದ ವೈದ್ಯರನ್ನು ತಪ್ಪು ಮಾಡಿದರು ಅಂತ ದೂರುವುದೂ ಈಗ ಸರಿಯಲ್ಲ.

ತೊಗರಿ ಹೊಲದ ಬೆರಳಿಗೆ ಸುಲಭ ದಾರಿ ಬೇರೆಯೇ ಇದೆ. ಗಾಯದ ಸುತ್ತ ಚುಚ್ಚುವ ಬದಲು ಬೆರಳಿನ ಬುಡದಲ್ಲಿ ಎರಡೂ ಬದಿಗೆ ಒಂದೆರಡು ಎಂಎಲ್ ಲಿಗ್ನೋಕೇನ್ ಕೊಟ್ಟರೆ ಇಡೀ ಬೆರಳು ಮಲಗುತ್ತದೆ. ಬೆರಳ ತುದಿಯ ಚರ್ಮ ಬಿಗಿ, ಅಲ್ಲಿ ಚುಚ್ಚುವುದು ವಿಪರೀತ ನೋವು. ಬುಡದಲ್ಲಿ ಸಡಿಲ ಇರುತ್ತದೆ. ಐದರಿಂದ ಹತ್ತು ನಿಮಿಷ ಕಾಯಬೇಕು, ಅಷ್ಟೇ. ಕಾಯುವ ತಾಳ್ಮೆ ಇಲ್ಲದೆ ಎರಡನೇ ನಿಮಿಷಕ್ಕೇ ಹೊಲಿಯಲು ಕೂತರೆ ರೋಗಿ ಚೀರುತ್ತಾನೆ. ಆಮೇಲೆ ‘ಇವನಿಗೆ ಔಷಧ ಹತ್ತುವುದಿಲ್ಲ’ ಅನ್ನುವ ಹೆಸರು ಅವನಿಗೇ ಬರುತ್ತದೆ.

ಬೆರಳಿನ ಗಾಯದಲ್ಲಿ ಇನ್ನೊಂದು ಕೆಲಸ ಸೂಜಿಗಿಂತ ಮೊದಲೇ ಆಗಬೇಕು. ಬೆರಳ ತುದಿಯ ಎರಡೂ ಬದಿ ಮುಟ್ಟಿ ಸ್ಪರ್ಶ ಗೊತ್ತಾಗುತ್ತದಾ ಕೇಳಬೇಕು. ಬೆರಳು ಮಡಚಿಸಿ, ಚಾಚಿಸಿ ನೋಡಬೇಕು. ಕುಡುಗೋಲು ನರವನ್ನೋ ಸ್ನಾಯುವಿನ ಹುರಿಯನ್ನೋ ಕತ್ತರಿಸಿದ್ದರೆ ಗೊತ್ತಾಗುವುದು ಆಗಲೇ. ಜೋಮು ಹಿಡಿಸಿದ ಮೇಲೆ ಸ್ಪರ್ಶ ಇಲ್ಲದಿದ್ದರೆ ಅದು ಔಷಧವೋ ಗಾಯವೋ ಯಾರು ಹೇಳಬೇಕು? ಆಶಾ ಅಕ್ಕಂದಿರೇ, ಊರಲ್ಲಿ ನೀವೇ ಮೊದಲು ನೋಡುವವರು. ಬಟ್ಟೆ ಕಟ್ಟುವ ಮುನ್ನ ಬೆರಳು ಮಡಚಿಸಿ ನೋಡಿ. ಮಡಚಲು ಬರದಿದ್ದರೆ ಹತ್ತಿರದ ಸಣ್ಣ ದವಾಖಾನೆ ಬಿಟ್ಟು ನೇರ ದೊಡ್ಡ ದವಾಖಾನೆಗೆ ಕಳಿಸಿ.

ತುಟಿಯ ವಿಷಯ ಬೇರೆ. ತುಟಿಯ ಕೆಂಪು ಮತ್ತು ಚರ್ಮ ಸೇರುವ ಗೆರೆ 1 ಮಿಲಿಮೀಟರ್ ಸರಿದರೂ ಜೀವನಪೂರ್ತಿ ಕಾಣುತ್ತದೆ. ಅಲ್ಲೇ ಚುಚ್ಚಿದರೆ ತುಟಿ ಊದಿ ಗೆರೆಯೇ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲು ಗೆರೆ ಗುರುತು ಹಾಕಿಕೊಳ್ಳುತ್ತೇವೆ, ಅಥವಾ ದವಡೆಯ ಹತ್ತಿರ ನರ ಹೊರಬರುವ ಜಾಗಕ್ಕೇ ಔಷಧ ಕೊಡುತ್ತೇವೆ.

ಬುಪಿವಕೇನ್ ಅಂತ ಇನ್ನೊಂದಿದೆ, ಸೆನ್ಸೋರ್ಕೇನ್ ಹೆಸರಲ್ಲಿ ಸಿಗುವುದು. ಜೋಮು ಬರಲು ಐದು ಹತ್ತು ನಿಮಿಷ ಬೇಕು, ಬಂದರೆ ನಾಲ್ಕರಿಂದ ಎಂಟು ತಾಸು ಇರುತ್ತದೆ. ರಾತ್ರಿ ಬಸ್ಸಿಗೆ ಯಾದಗಿರಿಗೋ ಸುರಪುರಕ್ಕೋ ಹೊರಟವರಿಗೆ ದಾರಿಯಲ್ಲಿ ನೋವಾಗದಿರಲಿ ಅನ್ನಿಸಿದರೆ ಒಳ್ಳೆಯದೇ. ಆದರೆ ಪ್ರಮಾಣ ತಪ್ಪಿದರೆ ಹೃದಯಕ್ಕೆ ಲಿಗ್ನೋಕೇನ್‌ಗಿಂತ ಬಹಳ ಅಪಾಯ. ಕಿಲೋಗೆ ಸುಮಾರು 2 ಮಿಲಿಗ್ರಾಂ ದಾಟಬಾರದು. ಮೂರು ಹೊಲಿಗೆಯ ಗಾಯಕ್ಕೆ ಇದು ಬೇಕೇ ಅಂದರೆ, ನನ್ನ ಪ್ರಕಾರ ಬೇಡ.

ಸೂಜಿಯೇ ಇಲ್ಲದೆ ಆಗುತ್ತದಾ? ಪಾಲಕರು ಕಾಯುತ್ತಿದ್ದ ಪ್ರಶ್ನೆ ಇದು, ಅಲ್ವಾ.

ಕೆಲವು ಗಾಯಗಳಿಗೆ ಆಗುತ್ತದೆ. ಲಿಗ್ನೋಕೇನ್, ಅಡ್ರಿನಲಿನ್, ಟೆಟ್ರಾಕೇನ್ ಮೂರೂ ಸೇರಿದ ಒಂದು ದ್ರಾವಣ ಅಥವಾ ಜೆಲ್ ಇದೆ. ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಲ್‌ಇಟಿ ಅನ್ನುತ್ತಾರೆ, ಅಡ್ರಿನಲಿನ್‌ಗೆ ಎಪಿನೆಫ್ರಿನ್ ಅಂತಲೂ ಹೆಸರಿದೆ. ಹತ್ತಿಯಲ್ಲಿ ನೆನೆಸಿ ತೆರೆದ ಗಾಯದೊಳಗೆ ಇಟ್ಟು 20ರಿಂದ 30 ನಿಮಿಷ ಒತ್ತಿ ಹಿಡಿಯಬೇಕು. ಗಾಯದ ಅಂಚು ಬಿಳಿಚಿಕೊಂಡರೆ ಔಷಧ ಹತ್ತಿದೆ ಅಂತ ಅರ್ಥ. ಮಕ್ಕಳ ಮುಖ ಮತ್ತು ತಲೆಯ ಗಾಯಕ್ಕೆ ಇದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ, ಅಲ್ಲಿ ರಕ್ತ ಸಂಚಾರ ಜಾಸ್ತಿ. ಕೈಕಾಲಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಇದಕ್ಕೂ ಮುಂಚೆ ಲಿಗ್ನೋಕೇನ್ ಜಾಗದಲ್ಲಿ ಕೊಕೇನ್ ಹಾಕುತ್ತಿದ್ದರು. ಮಕ್ಕಳಲ್ಲಿ ಫಿಟ್ಸ್, ಸಾವು ಕಂಡ ಮೇಲೆ ಅದನ್ನು ಬಿಟ್ಟರು. ಅಮೆರಿಕದ ತುರ್ತು ಕೋಣೆಗಳಲ್ಲಿ ಎಲ್‌ಇಟಿ ಸಾಮಾನ್ಯ. ನಮ್ಮ ಕಡೆ ಸಿದ್ಧವಾಗಿ ಸಿಗುವುದು ವಿರಳ. ಆಸ್ಪತ್ರೆಯ ಫಾರ್ಮಸಿ ಮನಸ್ಸು ಮಾಡಬೇಕು. ಮಾಡಬೇಕು ಅಂತಲೇ ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಜೋಮಿನ ಕ್ರೀಮ್ ಇದಲ್ಲ. ಅದು ಲಿಗ್ನೋಕೇನ್, ಪ್ರಿಲೋಕೇನ್ ಶೇ 2.5ರಂತೆ ಸೇರಿದ್ದು. ಒಡೆಯದ ಚರ್ಮಕ್ಕೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಒಂದು ತಾಸು ಕಾಯಬೇಕು. ಮೊದಲೇ ಗೊತ್ತಿರುವ ಸೂಜಿಗೆ ಒಳ್ಳೆಯದು. ತೆರೆದ ಗಾಯಕ್ಕಲ್ಲ. ಎಳೆ ಕೂಸುಗಳಿಗೆ ಜಾಸ್ತಿ ಹಚ್ಚಿದರೆ ಪ್ರಿಲೋಕೇನ್‌ನಿಂದ ರಕ್ತದಲ್ಲಿ ಆಮ್ಲಜನಕ ಸಾಗುವುದೇ ಕಷ್ಟವಾಗಿ ಮೈ ನೀಲಿಯಾಗಬಹುದು. ಮನೆಯಲ್ಲಿ ಪ್ರಯೋಗ ಬೇಡ.

ಹೊಲಿಗೆಯನ್ನೇ ತಪ್ಪಿಸುವುದು ಇನ್ನೊಂದು ದಾರಿ. ಹಣೆಯ ಮೇಲೆ ನೇರವಾಗಿ ಸೀಳಿದ, ನಾಲ್ಕೈದು ಸೆಂಟಿಮೀಟರ್ ಒಳಗಿನ, ಬಾಯಿ ಹೆಚ್ಚು ಬಿಡದ ಗಾಯಕ್ಕೆ ವೈದ್ಯಕೀಯ ಗೋಂದು ಸಾಕು. ಒಣಗುವಾಗ ಸ್ವಲ್ಪ ಬಿಸಿ ಅನ್ನಿಸುತ್ತದೆ, ಐದರಿಂದ ಹತ್ತು ದಿನದಲ್ಲಿ ತಾನೇ ಉದುರುತ್ತದೆ. ಮೊಣಕಾಲು, ಗೆಣ್ಣು ಮುಂತಾದ ಮಡಚುವ ಕಡೆ ನಿಲ್ಲುವುದಿಲ್ಲ. ತಲೆಯ ಗಾಯಕ್ಕೆ ಎರಡೂ ಬದಿಯ ಕೂದಲನ್ನು ಅಡ್ಡಹಾಯಿಸಿ ಒಂದು ಸುತ್ತು ತಿರುಚಿ ಮೇಲೊಂದು ಹನಿ ಗೋಂದು ಹಾಕುವ ವಿಧಾನವನ್ನು ಸಿಂಗಪುರದ ವೈದ್ಯರು 2002ರಲ್ಲಿ ಹೊಲಿಗೆಯ ಜೊತೆ ಹೋಲಿಸಿ ಪ್ರಕಟಿಸಿದರು. ಸೂಜಿ ಇಲ್ಲ, ಕೂದಲು ಬೋಳಿಸುವುದಿಲ್ಲ, ಹೊಲಿಗೆ ಬಿಚ್ಚಲು ಮತ್ತೆ ಬರಬೇಕಿಲ್ಲ. ಜಡೆ ಹಾಕುವ ಹುಡುಗಿಯರ ತಾಯಂದಿರಿಗೆ ಇದು ಕೇಳಿಯೇ ಸಮಾಧಾನ. ಆದರೆ ಅಂಗಡಿಯ ಫೆವಿಕ್ವಿಕ್ ತಂದು ಹಾಕಬೇಡಿ. ಹಿಮ್ಮಡಿ ಒಡೆದದ್ದಕ್ಕೆ ಹಾಕುವವರು ನಮ್ಮಲ್ಲಿದ್ದಾರೆ, ನನಗೆ ಗೊತ್ತು. ಆ ಗೋಂದಿನ ರಾಸಾಯನಿಕ ಬೇರೆ, ಒಣಗುವಾಗ ಚರ್ಮ ಸುಡುತ್ತದೆ, ಗಾಯದೊಳಗಿನ ಮಾಂಸಕ್ಕೆ ಹಾನಿ ಮಾಡುತ್ತದೆ.

ಇನ್ನು ಚೇಳಿನ ವಿಷಯ. ಗಾಯಕ್ಕೂ ಚೇಳಿಗೂ ಏನು ಸಂಬಂಧ ಅನ್ನಬೇಡಿ. ಕಲ್ಲು ರಾಶಿ ಇರುವ ನಮ್ಮ ನೆಲದಲ್ಲಿ ಚೇಳು ಕಡಿಸಿಕೊಳ್ಳದ ಮನೆ ಕಡಿಮೆ. ಒಂದಕ್ಕಿಂತ ಹೆಚ್ಚು ಸಲ ಚೇಳು ಕಡಿದವರಿಗೆ ಜೋಮಿನ ಔಷಧ ಸರಿಯಾಗಿ ಹತ್ತದೇ ಇರಬಹುದು ಅಂತ ಭಾರತದ ಅರಿವಳಿಕೆ ವೈದ್ಯರು ಕಳೆದ ದಶಕದಲ್ಲಿ ವರದಿ ಮಾಡಿದ್ದಾರೆ. ಚೇಳಿನ ವಿಷವೂ ಕೆಲಸ ಮಾಡುವುದು ಅದೇ ಸೋಡಿಯಂ ಬಾಗಿಲಿನ ಮೇಲೆ. ಅದಕ್ಕೇ ‘ಹಿಂದೆ ಚೇಳು ಕಡಿದಿತ್ತಾ?’ ಅಂತ ನಾನು ಕೇಳುತ್ತೇನೆ. ಹೌದು ಅಂದರೆ ಚುಚ್ಚಿ ಜಾಸ್ತಿ ಹೊತ್ತು ಕಾಯುತ್ತೇನೆ, ಪರೀಕ್ಷಿಸಿಯೇ ಹೊಲಿಯಲು ಕೂರುತ್ತೇನೆ. ಕೇಳದಿದ್ದರೂ ನೀವೇ ಹೇಳಿ.

ನಾಯಿ ಕಡಿದ ಗಾಯವನ್ನು ಇದರಲ್ಲಿ ಸೇರಿಸಬೇಡಿ. ಸಾಧ್ಯವಾದಷ್ಟು ಅದಕ್ಕೆ ತಕ್ಷಣ ಹೊಲಿಗೆ ಹಾಕುವುದಿಲ್ಲ. ಹದಿನೈದು ನಿಮಿಷ ಸೋಪು, ನೀರಿನಲ್ಲಿ ತೊಳೆದು ಕರೆತನ್ನಿ.

ಕೊನೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ‘ಹಲ್ಲು ಕೀಳಿಸುವಾಗ ಸೂಜಿ ಮಾಡಿದ ಕೂಡಲೇ ಎದೆ ಡಬಡಬ ಅಂತರೀ, ಕೈ ನಡುಗಿದವು. ನನಗೆ ಅಲರ್ಜಿ ಅದ ಅಲ್ಲೇನ್ರೀ?’ ಬಹುತೇಕ ಅಲ್ಲ ತಾಯಿ. ಅದು ಅಡ್ರಿನಲಿನ್ ಮಾಡುವ ಕೆಲಸ, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಇನ್ನು ಕೆಲವರು ಹೆದರಿಕೆಗೇ ತಲೆ ತಿರುಗಿ ಬೀಳುತ್ತಾರೆ. ಅದಕ್ಕೇ ಎಷ್ಟೇ ಗಟ್ಟಿಗನಾದರೂ ಮಲಗಿಸಿಯೇ ಹೊಲಿಯುತ್ತೇವೆ. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ಅತಿ ವಿರಳ. ಮೈಮೇಲೆ ದದ್ದು, ಮುಖ ಊದಿಕೊಳ್ಳುವುದು, ಉಸಿರು ಕಟ್ಟುವುದು ಆಗಿದ್ದರೆ ಮಾತ್ರ ಅದನ್ನು ಗಂಭೀರವಾಗಿ ನೋಡಬೇಕು. ಸುಮ್ನೆ ‘ಅಲರ್ಜಿ’ ಅಂತ ಬರೆಸಿಕೊಂಡರೆ ಮುಂದೆ ನಿಜವಾಗಿ ಬೇಕಾದಾಗ ಯಾರೂ ಕೊಡಲು ಮುಂದಾಗುವುದಿಲ್ಲ.

ಶಿಕ್ಷಕರೊಬ್ಬರು, ಹುಡುಗನಿಗೆ ಗಾಯವಾದರೆ ಏನೂ ತಿನ್ನಿಸದೆ ತರಬೇಕೇ ಅಂತ ಕೇಳಿದರು. ಬರೀ ಈ ಸೂಜಿಗೆ ಉಪವಾಸ ಬೇಕಿಲ್ಲ. ಆದರೆ ತೀರ ಸಣ್ಣ ಮಗು ಸಹಕರಿಸದಿದ್ದರೆ ಮಲಗಿಸುವ ಔಷಧ ಕೊಡಬೇಕಾಗಬಹುದು. ಹಾಗಾಗಿ ದವಾಖಾನೆಗೆ ಬರುವ ದಾರಿಯಲ್ಲಿ ಹೊಸದಾಗಿ ಏನೂ ತಿನ್ನಿಸಬೇಡಿ. ಗಾಯಕ್ಕೆ ಅರಿಶಿಣ, ಚಹಾಪುಡಿ, ಬೂದಿ ತುಂಬಬೇಡಿ. ಅದನ್ನು ತೆಗೆಯುವ ನೋವು ಹೊಲಿಗೆಗಿಂತ ದೊಡ್ಡದು. ನಲ್ಲಿ ನೀರು ಹರಿಸಿ, ಸ್ವಚ್ಛ ಬಟ್ಟೆ ಒತ್ತಿ ಹಿಡಿದು ಕರೆತನ್ನಿ. ಮಗುವನ್ನು ನಾಲ್ಕು ಜನ ಅದುಮಿ ಹಿಡಿಯುವುದಕ್ಕಿಂತ ತಾಯಿಯ ತೊಡೆಯ ಮೇಲೆ ಕೂರಿಸಿ ಫೋನಿನಲ್ಲಿ ಕಾರ್ಟೂನ್ ಹಾಕಿಕೊಡುವುದು ಮೇಲು. ಫೋನ್ ಒಳ್ಳೆಯದಕ್ಕೆ ಬಳಕೆಯಾಗುವ ಜಾಗ ಇದೊಂದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಆಯಿಯದು. ಮೊಮ್ಮಗನ ತುಟಿಗೆ ಹೊಲಿಗೆ ಬಿದ್ದಿತ್ತು, ಮನೆಗೆ ಹೋದ ಮೇಲೆ ಅವನು ತುಟಿಯನ್ನು ತಾನೇ ಕಚ್ಚಿಕೊಂಡು ಮತ್ತೆ ಗಾಯ ಮಾಡಿಕೊಂಡ, ಯಾಕೆ ಹಾಗಾಯಿತು ಅಂತ. ಜೋಮು ಇನ್ನೂ ಬಿಟ್ಟಿರಲಿಲ್ಲ, ಅದಕ್ಕೇ ಆಯಿ. ಅವನಿಗೆ ಅದು ತನ್ನ ತುಟಿ ಅಂತಲೇ ಅನ್ನಿಸಿರುವುದಿಲ್ಲ. ಜೋಮು ಪೂರ್ತಿ ಬಿಡುವ ತನಕ ಬಿಸಿ ಚಹಾ ಬೇಡ, ರೊಟ್ಟಿ ಬೇಡ, ಬಿಸ್ಕೀಟೂ ಬೇಡ. ತಣ್ಣನೆಯ ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸಬಹುದು. ನೋವಿನ ಔಷಧಕ್ಕೆ ಅವನು ಅಳಲಿ ಅಂತ ಕಾಯಬಾರದು. ಪ್ಯಾರಾಸಿಟಮಾಲ್ ಹತ್ತಲು ಅರ್ಧ ತಾಸು ಬೇಕು. ಹೊಲಿಗೆ ಮುಗಿದ ಕೂಡಲೇ, ಜೋಮು ಇರುವಾಗಲೇ, ತೂಕದ ಲೆಕ್ಕದಲ್ಲಿ ಒಂದು ಸಲ ಸಿರಪ್ ಕುಡಿಸಿಬಿಡಿ.